ಹಲ್ಲಿಯ ಬಾಯಿಗೆ ಒಂದು ಚಿಟಿಕೆ

ಬೆಳಗ್ಗೆ ಒಲೆಯ ಬೂದಿ ತೆಗೆದದ್ದು. ಹಸು ಕರೆದದ್ದು. ಕಣದಲ್ಲಿ ಹರವಿದ್ದ ಕಾಫಿ ಕೆದರಿದ್ದು, ಬಿಸಿಲು ನೆತ್ತಿಗೆ ಬಂದಾಗ ಇನ್ನೊಮ್ಮೆ ಕೆದರಿದ್ದು. ಅವರೆಕಾಯಿ ಸುಲಿದದ್ದು. ಯಜಮಾನರ ಅಂಗಿಗೆ ಗುಂಡಿ ಹಾಕಿದ್ದು. ಬೇಸಿನ್ನಿನಲ್ಲಿದ್ದ ಬೂಸಾವನ್ನು ಹುಳುಗಳ ಸಮೇತ ಪಕ್ಕದ ಮನೆಯ ಕೋಳಿಗಳಿಗೆ ಸುರಿದು, ಬೇಸಿನ್ ತೊಳೆದು ಬೋರಲು ಹಾಕಿದ್ದು. ಬಟ್ಟೆ ಒಗೆದದ್ದು. ಅದರಲ್ಲಿ ಅಂಗೈಯಗಲದ ಫ್ಲಾನೆಲ್ ತುಂಡುಗಳೂ ಇದ್ದವು. ಇನ್ನು ಅವು ಯಾರಿಗೂ ಬೇಕಾಗುವುದಿಲ್ಲ ಎಂದು ಗೊತ್ತಿದ್ದೂ ಸೋಪು ಹಚ್ಚಿ ಒಗೆದು, ಹಗ್ಗದ ಮೇಲೆ ಒಣಹಾಕಿದೆ. ನಿಂಬೆಗಿಡದ ಬುಡದಲ್ಲಿ ಗೇಣುದ್ದದ ಗುಂಡಿ ತೋಡಿದ್ದು.

ಇವತ್ತಿನ ಕೆಲಸ ಇಷ್ಟು. ಬೆಳಗ್ಗೆ ಹಲ್ಲಿ ಹೋಯಿತು.

ಗೋಡೆಯ ಮೇಲೆ ಓಡಾಡುವ ಹಲ್ಲಿಯಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಹಲ್ಲಿ. ಅರಿಶಿನದ ಬಣ್ಣದ ಮೈ, ಅದರ ಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ, ಹೆಬ್ಬೆರಳಿನಷ್ಟು ದಪ್ಪ ಬಾಲ. ಅದಕ್ಕೆ ಗೋಡೆ ಹತ್ತಲು ಬರುತ್ತಿರಲಿಲ್ಲ. ಆದರೆ ನಮ್ಮ ಹಾಗೆ ರೆಪ್ಪೆ ಮುಚ್ಚಿ ತೆರೆಯಲು ಬರುತ್ತಿತ್ತು. ಅದನ್ನು ಸಾಕಿದವನು ನನ್ನ ಮೈದುನ, ಯಜಮಾನರ ತಮ್ಮ. ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಮದುವೆಯಾಗಿರಲಿಲ್ಲ. ಬಂಗಲೆಯ ಮಕ್ಕಳು ಆಸೆಪಟ್ಟು ತರಿಸಿಕೊಂಡು, ಆಸೆ ತೀರಿದ ಮೇಲೆ ಮೂಲೆಗೆ ತಳ್ಳಿದ್ದ ಪೆಟ್ಟಿಗೆಯನ್ನು ತನ್ನ ಕ್ವಾರ್ಟರ್ಸಿಗೆ ತಂದಿಟ್ಟುಕೊಂಡಿದ್ದ. ಫೋನಿನಲ್ಲಿ ಅದರ ಸುದ್ದಿಯನ್ನೇ ಹೇಳುತ್ತಿದ್ದ. "ಅತ್ಗೆ, ಇವತ್ತು ಪೊರೆ ಬಿಡ್ತು. ಬಿಟ್ಟ ಪೊರೇನ ತಾನೇ ತಿಂತು. ಎಂಥಾ ಜಿಪುಣ ನೋಡಿ."

ಹೋದ ಬೇಸಿಗೆಯಲ್ಲಿ ಅವನಿಗೆ ಎದೆನೋವು ಬಂತು. ಎಸ್ಟೇಟಿನ ಲೈನ್‌ಮನೆಗಳ ಕೂಲಿಯವರು ಜೀಪಿನಲ್ಲಿ ಹಾಕಿಕೊಂಡು ಹೊರಟರೂ ಸಿದ್ದಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರ್ಯಗಳೆಲ್ಲ ಕಳೆದ ಮೇಲೆ ಯಜಮಾನರು ಹೋಗಿ ಅವನ ಸಾಮಾನು ತಂದರು. ಒಂದು ಟ್ರಂಕು, ಒಂದು ಕಂಬಳಿ, ರೇಡಿಯೋ, ಬೂಸಾ ತುಂಬಿದ ಪ್ಲಾಸ್ಟಿಕ್ ಬೇಸಿನ್, ಆಮೇಲೆ ಈ ಗಾಜಿನ ಪೆಟ್ಟಿಗೆ.

ಅತ್ತೆ ಟ್ರಂಕಿನ ಒಂದೊಂದೇ ಸಾಮಾನು ತೆಗೆದು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಪೆಟ್ಟಿಗೆಯ ಕಡೆ ಮಾತ್ರ ತಿರುಗಲಿಲ್ಲ.

"ಹಲ್ಲೀನ ಯಾರಾದ್ರೂ ಮನೆಯೊಳಗೆ ತರ್ತಾರೇನೋ? ತಗೊಂಡೋಗಿ ಬೇಲಿಗೆ ಬಿಡು" ಎಂದರು ಮಗನಿಗೆ.

"ಬೇಲೀಲಿ ಬದುಕಲ್ಲ ಕಣವ್ವ ಅದು. ಚಳೀಗೆ ಸಾಯ್ತದೆ. ಅವನು ಅಡೀಗೆ ಕರೆಂಟಿನ ಪ್ಯಾಡ್ ಹಾಕಿ ಬೆಚ್ಚಗಿಟ್ಟಿದ್ದ."

"ನನ್ ಮಗ ಮಲಗ್ತಿದ್ದ ಕಂಬಳಿ ನೋಡು, ಮೂರು ಕಡೆ ಹರಿದದೆ. ಹಲ್ಲಿಗೆ ಕರೆಂಟಿನ ಹಾಸಿಗೆ!" ಎಂದು ಅತ್ತೆ ನಗಲು ಹೋಗಿ ಅತ್ತುಬಿಟ್ಟರು.

ಆ ಟ್ರಂಕಿನಲ್ಲೇ ಸಿಕ್ಕಿದ್ದು ಆ ಡಬ್ಬಿ. ಸ್ಟೀಲಿನದು, ಸುಣ್ಣದ ಡಬ್ಬಿಗಿಂತ ತುಸು ದೊಡ್ಡದು. ಮುಚ್ಚಳ ತೆಗೆದರೆ ನುಣ್ಣಗಿನ ಬಿಳಿ ಪುಡಿ, ಅದರ ಮೇಲೆ ಬೆರಳು ಅದ್ದಿದ ಗುರುತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

ಅದರ ಹಿಂದಿನ ಕತೆ ಹೇಳದಿದ್ದರೆ ಅರ್ಥವಾಗುವುದಿಲ್ಲ. ನಮ್ಮದು ಬೆಳಗ್ಗೆ ವಿಭೂತಿ ಹಚ್ಚದೆ ಬಾಯಿಗೆ ಕಾಫಿ ಸೋಕಿಸದ ಮನೆ. ಮೈದುನ ಎಸ್ಟೇಟ್ ಸೇರಿದ ಮೇಲೆ ಹಣೆಗೆ ಹಚ್ಚುವುದನ್ನು ಬಿಟ್ಟಿದ್ದ. ಲೈನಿನವರ ಜೊತೆ ಏನೇನೋ ತಿನ್ನುತ್ತಾನೆ ಎಂದೂ ಅತ್ತೆಯ ಕಿವಿಗೆ ಬಿದ್ದಿತ್ತು. ಕೊನೆಯ ಸಲ ಅವನು ಹಬ್ಬಕ್ಕೆ ಬಂದಾಗ ಅತ್ತೆ, "ಹಣೆ ಬರಿದು ಮಾಡ್ಕೊಂಡು ನನ್ ಪಂಕ್ತೀಲಿ ಕೂರಬೇಡ" ಎಂದಿದ್ದರು. ಅವನು ಜಗಳವಾಡುವವನಲ್ಲ. "ಆಯ್ತು ಕಣವ್ವ, ಜಗಲೀಲಿ ಗಾಳಿ ಚೆನ್ನಾಗದೆ" ಎಂದು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಉಂಡ. ಒಬ್ಬಟ್ಟು ಕೇಳಿ ಹಾಕಿಸಿಕೊಂಡ. ಆಮೇಲೆ ಅವನು ಬರಲಿಲ್ಲ. ಬರಬಾರದೆಂದಲ್ಲ, ಕಾಫಿ ಪಿಕಿಂಗ್ ಶುರುವಾಗಿತ್ತು, ರಜ ಸಿಗಲಿಲ್ಲ. ಆದರೆ ಸತ್ತವನ ತಾಯಿಗೆ ಆ ಲೆಕ್ಕ ಒಪ್ಪಿಗೆಯಾಗುತ್ತದೆಯೇ?

ಡಬ್ಬಿ ಹಿಡಿದು ಕೂತಿದ್ದ ಅತ್ತೆ ಕೊನೆಗೆ ತಲೆಯೆತ್ತಿ, "ನೋಡು ಹುಡುಗಿ, ನನ್ ಮಗ ವಿಭೂತಿ ಬಿಟ್ಟಿರಲಿಲ್ಲ" ಎಂದರು. "ನನ್ ಮುಂದೆ ಹಟಕ್ಕೆ ಬರೀ ಹಣೇಲಿ ಬಂದ. ಅಲ್ಲಿ ಹಚ್ಕೋತಿದ್ದ. ಬೆರಳಿನ ಗುರುತು ನೋಡು."

ಡಬ್ಬಿ ದೇವರ ಕೋಣೆ ಸೇರಿತು. ಅಂದಿನಿಂದ ಅತ್ತೆ ತಮ್ಮ ವಿಭೂತಿ ಗಟ್ಟಿಯನ್ನು ಪಕ್ಕಕ್ಕಿಟ್ಟು ಆ ಪುಡಿಯನ್ನೇ ನೀರಲ್ಲಿ ಕಲಸಿ ಹಣೆಗೆ ಎಳೆದುಕೊಳ್ಳತೊಡಗಿದರು. ಒಣಗಿದ ಮೇಲೆ ಅದು ನಮ್ಮ ವಿಭೂತಿಗಿಂತ ಬೆಳ್ಳಗೆ ಕಾಣುತ್ತಿತ್ತು, ಬೇಗ ಉದುರಿ ರೆಪ್ಪೆಯ ಮೇಲೆ ಬೀಳುತ್ತಿತ್ತು. ಯಾವುದೋ ದೂರದ ಕ್ಷೇತ್ರದ್ದಿರಬೇಕು ಎಂದುಕೊಂಡೆ. ಅವರಿಗಾದ ಸಮಾಧಾನ ನೋಡಿದ ಮೇಲೆ ಹೆಚ್ಚು ಯೋಚಿಸಲೂ ಇಲ್ಲ.

ಹಲ್ಲಿಯ ಕೆಲಸ ಮೊದಲು ನನ್ನ ಪಾಲಿಗೆ ಬಂತು. ಬೂಸಾದಲ್ಲಿ ಮೈದುನ ಹುಳು ಬೆಳೆಸಿದ್ದ. ಕೆಂದು ಬಣ್ಣದ, ಗರಿಗರಿ ಮೈಯ ಹುಳುಗಳು. ದೀಪ ಹಚ್ಚುವ ಹೊತ್ತಿಗೆ ಚಿಮಟದಲ್ಲಿ ಒಂದೊಂದೇ ಹಿಡಿದು ತೋರಿಸಿದರೆ ಹಲ್ಲಿ ತಲೆ ಓರೆ ಮಾಡಿ, ಬಾಲದ ತುದಿ ಅಲ್ಲಾಡಿಸಿ, ಗಬಕ್ಕನೆ ಹಿಡಿಯುತ್ತಿತ್ತು. ಅತ್ತೆ ದೂರದಿಂದ ನೋಡುತ್ತಿದ್ದರು. "ಶಿವ ಶಿವ, ಹುಳುವೂ ಜೀವ ಅಲ್ವಾ? ಅನ್ನ ಹಾಕು, ಅಭ್ಯಾಸ ಆಗ್ತದೆ" ಎನ್ನುತ್ತಿದ್ದರು. ಹಾಕಿಯೂ ಹಾಕಿದರು. ಹಾಲನ್ನ, ಬಾಳೆಹಣ್ಣು, ಒಂದು ದಿನ ಕಡುಬಿನ ಚೂರು. ಹಲ್ಲಿ ಅದರ ಮೇಲೆ ಕಾಲಿಟ್ಟು ದಾಟಿಕೊಂಡು ಹೋಯಿತು.

"ಅವನ ಥರಾನೇ ಹಟ" ಎಂದರು ಅತ್ತೆ. ಮಗನನ್ನೂ ಹಲ್ಲಿಯನ್ನೂ ಒಂದೇ ಮಾತಿನಲ್ಲಿ ಸೇರಿಸಿದ್ದು ಅದೇ ಮೊದಲು.

ಕಾಫಿ ಗಿಡದ ಕೆಲಸ ಹೆಚ್ಚಾದ ದಿನಗಳಲ್ಲಿ ನನಗೆ ಸಂಜೆ ಬರುವುದು ತಡವಾಗತೊಡಗಿತು. ಒಂದು ದಿನ ಬಂದು ನೋಡಿದರೆ ಅತ್ತೆಯೇ ಪೆಟ್ಟಿಗೆಯ ಮುಂದೆ ಮಣೆ ಹಾಕಿ ಕೂತಿದ್ದಾರೆ, ಕೈಯಲ್ಲಿ ಚಿಮಟ. ಪ್ರತಿ ಹುಳುವಿಗೂ "ನಿನ್ ಕರ್ಮ ಕಣಪ್ಪ, ನಾನೇನ್ ಮಾಡ್ಲಿ" ಎಂದು ಹೇಳಿ ಹಲ್ಲಿಯ ಬಾಯಿಗೆ ಹಿಡಿಯುತ್ತಿದ್ದರು. ಹಲ್ಲಿ ಅವರ ಬೆರಳಿಗೆ ತಗುಲಿತೆಂದು ಅವತ್ತು ತಲೆಗೆ ನೀರು ಹಾಕಿಕೊಂಡರು. ಮಾರನೆಯ ದಿನವೂ ಹಾಕಿಕೊಂಡರು. ಮತ್ತೆ ನೀರು ಕಾಯಿಸಲು ಹೇಳಿದಾಗ ಯಜಮಾನರು, "ಹಿಂಗೇ ಮಾಡ್ತಾ ಹೋದ್ರೆ ನಿಂಗೆ ನೆಗಡಿ, ನಂಗೆ ಸೌದೆ ಖರ್ಚು" ಎಂದು ರೇಗಿಸಿದರು. ಅತ್ತೆ ಯೋಚಿಸಿ, "ಶಾಸ್ತ್ರ ಇರೋದು ಗೋಡೆ ಹಲ್ಲಿಗೆ. ಇದು ಗೋಡೆ ಹತ್ತಲ್ಲ. ಲೊಚ್ ಅಂತಾನೂ ಅನ್ನಲ್ಲ, ಮೂಗ. ಇದಕ್ಕೆ ಸ್ನಾನ ಬ್ಯಾಡ" ಎಂದು ತೀರ್ಪು ಕೊಟ್ಟರು.

ಮಗ ಹೋದ ಮೇಲೆ ಅತ್ತೆ ಸರಿಯಾಗಿ ಉಣ್ಣುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಕಲಸಿ ಕಲಸಿ ಎದ್ದುಬಿಡುತ್ತಿದ್ದರು. ಹಲ್ಲಿಗೆ ತಿನ್ನಿಸಲು ಶುರುಮಾಡಿದ ಮೇಲೆ ಒಂದು ಕ್ರಮ ಬಂತು. "ಇದಕ್ಕೆ ಹಾಕಿ ಬತ್ತೀನಿ, ಬಡಿಸು" ಎನ್ನುತ್ತಿದ್ದರು. ಅದು ತಿಂದರೆ ಇವರೂ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಹಲ್ಲಿಯಿಂದ ಆದ ಈ ಉಪಕಾರವನ್ನು ನಾನೂ ಯಜಮಾನರೂ ಬಾಯಿಬಿಟ್ಟು ಆಡಿಕೊಳ್ಳಲಿಲ್ಲ. ಆಡಿದರೆ ಮುರಿದೀತೆಂಬ ಭಯ.

ಚಳಿ ಶುರುವಾಗುವ ಹೊತ್ತಿಗೆ ಹಲ್ಲಿ ಗುರಿ ತಪ್ಪತೊಡಗಿತು. ಹುಳುವಿಗೆ ಬಾಯಿ ಹಾಕುವುದು, ಹಿಡಿದದ್ದು ಜಾರುವುದು. ಆಮೇಲೆ ಹಿಡಿಯುವುದನ್ನೂ ಬಿಟ್ಟು, ಹುಳುವನ್ನು ನೋಡಿ, ನಾಲಿಗೆಯಲ್ಲಿ ತುಟಿ ಸವರಿಕೊಂಡು ಮುಖ ತಿರುಗಿಸುತ್ತಿತ್ತು. ಚಳಿಗೆ ಹೀಗೆಂದು ಯಜಮಾನರು ಪೆಟ್ಟಿಗೆಯನ್ನು ಅಡುಗೆಮನೆಗೆ ಸರಿಸಿದರು. ಪೊರೆ ಬಿಡುವ ಸಮಯವೇನೋ ಎಂದು ನಾನು ಒದ್ದೆ ಬಟ್ಟೆ ಇಟ್ಟೆ. ಅತ್ತೆ ಬೆಣ್ಣೆ ತಂದು ತುಟಿಗೆ ಸವರಿದರು. ಬಾಲ ದಿನೇ ದಿನೇ ಸಣ್ಣಗಾಗುತ್ತಿತ್ತು. ಬಲಗಡೆಯ ಕೆನ್ನೆ ಉಬ್ಬಿದ್ದು ಕಾಣಿಸಿತು. ಅವತ್ತು ರಾತ್ರಿ ಅತ್ತೆ ಅರ್ಧ ತಟ್ಟೆಯಲ್ಲೇ ಎದ್ದರು.

ಮಾರನೆಯ ದಿನ ಪೆಟ್ಟಿಗೆಗೆ ಟವೆಲ್ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು, ಆಟೋದಲ್ಲಿ ಪೇಟೆಯ ಪಶು ಆಸ್ಪತ್ರೆಗೆ ಹೋದೆವು. ಅತ್ತೆ ಬರುವುದು ಬೇಡವೆಂದರೂ ಕೇಳಲಿಲ್ಲ. ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲೂ ಇಲ್ಲ. ಅಲ್ಲಿ ಒಬ್ಬ ಆಡು ಹಿಡಿದುಕೊಂಡು ನಿಂತಿದ್ದವನು ಇಣುಕಿ ನೋಡಿ, "ಏನಜ್ಜಿ, ಹಲ್ಲಿಗೂ ಡಾಕ್ಟ್ರಾ? ನಮ್ಮನೆ ಗೋಡೇಲಿ ಬೇಕಾದಷ್ಟು ಅವೆ, ಅವನ್ನೂ ತರ್ಲಾ?" ಎಂದ.

"ತಾರಪ್ಪ. ಮೊದ್ಲು ಹಿಡಿ ನೋಡಾಣ" ಎಂದರು ಅತ್ತೆ. "ನಿನ್ ಆಡು ನನ್ ಸೆರಗು ತಿಂತಾ ಅದೆ. ಇದು ಯಾರ ತಂಟೆಗೂ ಹೋಗಿಲ್ಲ."

ಸರದಿ ಬಂದಾಗ ಅತ್ತೆಯನ್ನು ಹೊರಗೇ ಕೂರಿಸಿ ನಾನು ಪೆಟ್ಟಿಗೆ ಒಳಗೆ ಒಯ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದನ, ನಾಯಿ ನೋಡುವವರು. "ನಂಗೆ ಇದರ ಅನುಭವ ಕಮ್ಮಿ ಆಂಟಿ, ಮೈಸೂರಲ್ಲಿ ನನ್ ಕ್ಲಾಸ್‌ಮೇಟ್ ಇದ್ದಾಳೆ" ಎಂದು ಫೋನು ಹಚ್ಚಿ, ಅವಳು ಹೇಳಿದಂತೆ ಮಾಡುತ್ತಾ ಹೋದರು. ಪ್ಲಾಸ್ಟಿಕ್ಕಿನ ತೆಳು ಚೂರು ತುಟಿಯ ಸಂದಿಗೆ ಮೆಲ್ಲಗೆ ತೂರಿಸಿ ಬಾಯಿ ಬಿಡಿಸಿದರು. ಒಳಗೆ ವಸಡು ಕೆಂಪಾಗಿತ್ತು. ಬಲಗಡೆ ಸಾಲಾಗಿದ್ದ ಸಾಸಿವೆಗಿಂತ ಸಣ್ಣ ಹಲ್ಲುಗಳ ಮೇಲೆ ಗಟ್ಟಿ ಮೊಸರಿನಂತೆ ಹಳದಿ ಕೀವು ಕೂತಿತ್ತು. ಡಾಕ್ಟರು ಕೆಳದವಡೆಯನ್ನು ಬೆರಳಿನಿಂದ ಒತ್ತಿದರು. ಅದು ರಬ್ಬರಿನ ಹಾಗೆ ಬಾಗಿತು. ಅವರು ಕೈ ತೆಗೆದುಬಿಟ್ಟರು.

"ಮೂಳೆ ಮೆತ್ತಗಾಗಿದೆ. ಕಚ್ಚೋಕೆ ಶಕ್ತಿ ಇಲ್ಲ. ಕಚ್ಚೋಕೆ ಹೋಗಿ ಗಾಯ ಆಗಿ, ಅದು ಹುಣ್ಣಾಗಿದೆ. ಹಸಿವಿಲ್ಲ ಅಂತಲ್ಲ ಆಂಟಿ, ತಿನ್ನೋಕೆ ಆಗ್ತಿಲ್ಲ." ಆಮೇಲೆ ಕೇಳಿದರು, "ಕ್ಯಾಲ್ಸಿಯಂ ಹಾಕ್ತಿರಲಿಲ್ವಾ? ಬಿಳೀ ಪುಡಿ. ಹುಳೂನ ಅದರಲ್ಲಿ ಹೊರಳಿಸಿ ಕೊಡಬೇಕು. ಮೊದಲು ಸಾಕಿದ್ದವರು ಇಟ್ಟಿರಬೇಕಲ್ಲ, ಯಾವುದಾದ್ರೂ ಡಬ್ಬೀಲಿ?"

ಕಣ್ಣ ಮುಂದೆ ಬಂದದ್ದು ಅತ್ತೆಯ ಹಣೆ. ತಿರುಗಿ ನೋಡಿದೆ. ಅವರು ಬಾಗಿಲ ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತು ಆಡಿನವನ ಕಡೆ ಮುಖ ಮಾಡಿದ್ದರು. ಕೇಳಿಸಿಲ್ಲ ಎಂದುಕೊಂಡೆ.

"ಹುಡುಕಿ ನೋಡ್ತೀನಿ" ಎಂದೆ ಡಾಕ್ಟರಿಗೆ, ಆದಷ್ಟು ಸಣ್ಣ ದನಿಯಲ್ಲಿ.

ಬಾಯಿ ತೊಳೆಯಲು ನೀರಿಗೆ ಕಲಸುವ ಔಷಧಿ, ಹನಿ ಹಾಕುವ ಒಂದು ಔಷಧಿ, ಕ್ಯಾಲ್ಸಿಯಂ ಸಿರಪ್ಪು ಕೊಟ್ಟರು. ಹುಳುವಿನ ಸಿಪ್ಪೆ ಬಿಡಿಸಿ ಒಳಗಿನ ಮೆತ್ತನೆಯದನ್ನು ಮಾತ್ರ ಅರೆದು, ತುಟಿಯ ಮೇಲಿಟ್ಟರೆ ತಾನೇ ನೆಕ್ಕೀತು, ಬಲವಂತ ಮಾಡಬಾರದು ಎಂದರು. ದವಡೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಅಷ್ಟು ಕಾಲ ಇದಕ್ಕಿದೆಯೋ ಹೇಳಲಾರೆ ಎಂದೂ ಹೇಳಿದರು.

ಆಟೋದಲ್ಲಿ ನನ್ನ ಚಿಂತೆಯೆಲ್ಲ ಡಬ್ಬಿಯ ಮೇಲೇ. ಅದನ್ನು ದೇವರ ಕೋಣೆಯಿಂದ ಹೇಗೆ ತೆಗೆಯಲಿ? ನಿಮ್ಮ ಮಗನ ಹಣೆಯದ್ದಲ್ಲ ಇದು, ಹಲ್ಲಿಯ ಆಹಾರ ಎಂದು ಹೇಗೆ ಹೇಳಲಿ? ಸತ್ತ ಮಗ ಕೊನೆಗೂ ತಾಯಿಯ ಮಾತು ಉಳಿಸಿದ್ದನೆಂಬ ಒಂದೇ ನಂಬಿಕೆಯ ಮೇಲೆ ಅವರ ದಿನ ನಡೆಯುತ್ತಿತ್ತು. ಆದರೆ ಹೇಳುವ ಪ್ರಸಂಗವೇ ಬರಲಿಲ್ಲ. ದೀಪ ಹಚ್ಚಿದ ಮೇಲೆ ಅತ್ತೆಯೇ ಡಬ್ಬಿ ಹಿಡಿದುಕೊಂಡು ಬಂದರು.

"ಮಕ್ಕಳಿಗೆ ಮೈ ಸರಿ ಇಲ್ದಾಗ ನಾವು ಬಾಯಿಗೆ ಒಂದು ಚಿಟಿಕೆ ವಿಭೂತಿ ಹಾಕಲ್ವಾ? ಇದಕ್ಕೂ ಹಾಕಾಣ. ಅವನದ್ದೇ ಅಲ್ವಾ" ಎಂದರು.

ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. "ಹಾಕಿ ಅತ್ತೆ" ಎಂದೆ.

ಹಾಗೆ ನಮ್ಮ ಸಂಜೆಗಳು ನಡೆದವು. ನಾನು ಹಲ್ಲಿಯನ್ನು ಫ್ಲಾನೆಲ್ಲಿನಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿಯುವುದು. ಅತ್ತೆ ಹತ್ತಿಯ ಕಡ್ಡಿಯಲ್ಲಿ ವಸಡು ಒರೆಸುವುದು. ಹಲ್ಲಿ ಕಚ್ಚುತ್ತಿರಲಿಲ್ಲ. ಕಚ್ಚಲು ಏನಿತ್ತು ಪಾಪ. ಆಮೇಲೆ ಅರೆದ ಹುಳುವಿಗೆ ಡಬ್ಬಿಯ ಪುಡಿ ಒಂದು ಚಿಟಿಕೆ ಬೆರೆಸಿ ಮೂಗಿನ ತುದಿಗೆ ಸವರುವುದು, ಕಾಯುವುದು. ಒಂದು ಸಂಜೆ ಅದು ನಾಲಿಗೆ ಚಾಚಿ ನೆಕ್ಕಿತು. ಇನ್ನೊಮ್ಮೆ ಸವರಿದಾಗ ಮತ್ತೆ ನೆಕ್ಕಿತು. ಅತ್ತೆ, "ಏ ಬಾರೋ ಇಲ್ಲಿ, ತಿಂತು, ತಿಂತು" ಎಂದು ಕೂಗಿದರು. ಯಜಮಾನರು ಬಾಯಿಯಲ್ಲಿ ಅಡಿಕೆ ಇಟ್ಟುಕೊಂಡೇ ಓಡಿ ಬಂದರು. ಅವತ್ತು ಅತ್ತೆ ಎರಡು ರೊಟ್ಟಿ ತಿಂದರು, ಮೇಲೆ ಮಜ್ಜಿಗೆ ಕೇಳಿದರು.

ಕೀವು ಕಡಿಮೆಯಾಯಿತು. ಕೆನ್ನೆ ಇಳಿಯಿತು. ದವಡೆ ಮಾತ್ರ ಗಟ್ಟಿಯಾಗಲಿಲ್ಲ. ಬಾಲ ಒಣಗಿದ ಬಳ್ಳಿಯಂತಾಯಿತು. ಕೊನೆ ಕೊನೆಗೆ ಸವರಿದ್ದು ಮೂಗಿನ ಮೇಲೇ ಒಣಗಿ ಉಳಿಯುತ್ತಿತ್ತು. ಇವತ್ತು ಬೆಳಗ್ಗೆ ಹಾಲು ಕರೆದು ಬಂದು ನೋಡಿದಾಗ ಅದು ಬೆಚ್ಚನೆಯ ಮೂಲೆಯಲ್ಲಿ ರೆಪ್ಪೆ ಮುಚ್ಚಿ ಮಲಗಿತ್ತು. ಮುಟ್ಟಿದೆ. ಪ್ಯಾಡಿನಿಂದಾಗಿ ಮೈ ಬೆಚ್ಚಗೇ ಇತ್ತು. ಹಾಗಾಗಿ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆ ಅಳಲಿಲ್ಲ. "ಗುಂಡಿ ತೋಡು, ನಮ್ಮವರ ಹಂಗೇ ಮಣ್ಣು ಮಾಡಾಣ" ಎಂದರು. ಅಂಗೈಯಗಲದ ಒಂದು ಫ್ಲಾನೆಲ್ ಹಾಸಿ ಮಲಗಿಸಿದೆವು. "ವಿಭೂತಿ ತಗೊಂಬಾ" ಎಂದರು. ನಾನು ಒಳಗೆ ಹೋಗಿ ಮೈದುನನ ಡಬ್ಬಿ ತಂದೆ.

"ಅದಲ್ಲ. ನನ್ ಗಟ್ಟಿ ತಾ."

ನಾನು ಅಲ್ಲೇ ನಿಂತೆ. ಅತ್ತೆ ನನ್ನ ಮುಖ ನೋಡಲಿಲ್ಲ, ಗುಂಡಿಯನ್ನೇ ನೋಡುತ್ತಿದ್ದರು.

"ಅದು ವಿಭೂತಿ ಅಲ್ಲ ಅಂತ ಆಸ್ಪತ್ರೇಲೇ ಗೊತ್ತಾಯ್ತು ಕಣೇ. ಬೆಂಚು ಏನ್ ದೂರ ಇತ್ತು? ನನ್ ಕಣ್ಣು ಮಂಜು, ಕಿವಿ ಚೆನ್ನಾಗವೆ."

"ಮತ್ತೆ ಅತ್ತೆ, ನೀವೇ ಚಿಟಿಕೆ ಹಾಕಾಣ ಅಂದ್ರಿ..."

"ನೀನು ಆಟೋದಲ್ಲಿ ಬಾಯಿ ಬಿಡಕ್ಕಾಗ್ದೆ ಒದ್ದಾಡ್ತಿದ್ದೆಯಲ್ಲ. ಅದಕ್ಕೆ ದಾರಿ ಮಾಡ್ಕೊಟ್ಟೆ."

"ಗೊತ್ತಾದ ಮೇಲೂ ದಿನಾ ಹಣೆಗೆ ಹಚ್ಕೋತಿದ್ರಿ."

"ಅವನ ಬೆರಳು ಅದ್ದಿದ್ದ ಪುಡಿ. ದೇವರಿಗೆ ಗೊತ್ತಿಲ್ವಾ ಯಾವುದು ಏನು ಅಂತ" ಎಂದರು. ಆಮೇಲೆ ದನಿ ಒಡೆಯಿತು. "ಅವನು ಇದನ್ನ ಇದರ ಬಾಯಿಗೆ ಅಂತ ಇಟ್ಟಿದ್ದ. ನಾನು ಹಣೆಗೆ ಬಳ್ಕೊಂಡು ಕೂತೆ. ಅವನು ಬರೀ ಹಣೇಲೇ ಹೋದ, ಇದು ಬರೀ ಹೊಟ್ಟೇಲಿ ಹೋಯ್ತು. ಜಗಲೀಲಿ ಕೂರಿಸಿ ಉಣ್ಣಿಸಿದ್ನಲ್ಲೇ ನಾನು ಅವನ್ನ."

ಗಟ್ಟಿ ತಂದುಕೊಟ್ಟೆ. ನೀರಿನಲ್ಲಿ ತೇಯ್ದು ಆ ಪುಟ್ಟ ತಲೆಯ ಮೇಲೆ ಮೂರು ಗೆರೆ ಎಳೆಯಲು ನೋಡಿದರು. ಜಾಗ ಸಾಲದೆ ಒಂದೇ ಗೆರೆಯಾಯಿತು. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಪಕ್ಕದಲ್ಲಿ ಸುರಿದರು, ಅದರ ಪಾಲಿನದು ಅದಕ್ಕೆ ಎಂದು. ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. ನಾನು ಮಣ್ಣು ಎಳೆದೆ.

ಸಂಜೆ ಕಣದ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿ ಬರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಅತ್ತೆ ಮಣೆ ಹಾಕಿಕೊಂಡು ಖಾಲಿ ಪೆಟ್ಟಿಗೆಯ ಮುಂದೆ ಕೂತಿರುತ್ತಾರೆಂದು ಹೆದರಿದ್ದೆ. ಅಲ್ಲಿರಲಿಲ್ಲ. ಮಣೆಯನ್ನು ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಹಾಕಿಕೊಂಡು ಕೂತಿದ್ದರು, ಮಗ ಉಂಡಿದ್ದ ಜಾಗದಲ್ಲಿ. ಹಣೆಯ ಮೇಲೆ ಗಟ್ಟಿಯ ವಿಭೂತಿ, ಬೂದು ಬಣ್ಣದ್ದು.

"ಇಲ್ಲೇ ಬಡಿಸು" ಎಂದರು.

ಚಳಿ ಎಂದು ಯಜಮಾನರು ಹೇಳಲು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ. ಅವರೂ ತಟ್ಟೆ ಹಿಡಿದು ಹೊರಗೆ ಬಂದು ತಾಯಿಯ ಪಕ್ಕ ಕೂತರು.

ಅಕ್ಕಿ ರೊಟ್ಟಿ, ಅವರೆಕಾಳಿನ ಸಾರು, ನಿನ್ನೆಯ ಮೊಸರು. ಅತ್ತೆ ಒಂದು ರೊಟ್ಟಿಯಲ್ಲಿ ಮುಕ್ಕಾಲು ತಿಂದರು. ಉಳಿದ ಕಾಲು ರೊಟ್ಟಿಯನ್ನು ಪಕ್ಕದಲ್ಲಿದ್ದ ಮಗನ ತಟ್ಟೆಗೆ ಹಾಕಿದರು. ಯಜಮಾನರು ಅದನ್ನೂ ತಿಂದರು. ಮೊದಲು ಮಲಗಿದ್ದು ಅತ್ತೆ, ಮೈದುನನ ಹರಿದ ಕಂಬಳಿ ಹೊದ್ದು. ಆಮೇಲೆ ಯಜಮಾನರು. ನಾನು ಪಾತ್ರೆ ತೊಳೆದಿಟ್ಟು ಅಡುಗೆಮನೆಯ ಲೈಟು ಆರಿಸುವಾಗ ಗಾಜಿನ ಪೆಟ್ಟಿಗೆಗೆ ಕೈ ತಾಗಿತು. ಬೆಚ್ಚಗಿತ್ತು. ಬೆಳಗ್ಗೆಯಿಂದ ಪ್ಯಾಡಿನ ಸ್ವಿಚ್ಚು ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಆರಿಸಿ ಬಂದು ಮಲಗಿದೆ.